ಆಟ, ವೃತ್ತಿ ಮತ್ತು ಒಂದು ಸಿಮೆಂಟಿನ ನೆಲ

ನಮ್ಮ ನಾಟಕದ ಚರಿತ್ರೆಯನ್ನು ಬಲ್ಲವರಿಗೆ ಎರಡು ಮಾತುಗಳು ಚೆನ್ನಾಗಿ ಪರಿಚಿತವಾದವು: ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಮೊದಲನೆಯದರ ಲೆಕ್ಕಕ್ಕೆ ಹಾಕುತ್ತೇವೆ. 1909ರಲ್ಲಿ ಬೆಂಗಳೂರಿನಲ್ಲಿ ಕಣ್ಣುತೆರೆದ ಎ.ಡಿ.ಎ. ಸಂಸ್ಥೆಯನ್ನು ಎರಡನೆಯದರ ಲೆಕ್ಕಕ್ಕೆ. ಹೊಟ್ಟೆಗಾಗಿ ಬಣ್ಣ ಹಚ್ಚುವವರು ಒಂದು ಕಡೆ, ಹೊಟ್ಟೆ ತುಂಬಿದ ಮೇಲೆ ಬಣ್ಣ ಹಚ್ಚುವವರು ಇನ್ನೊಂದು ಕಡೆ. ಹವ್ಯಾಸಿಗಳಿಗೆ ವಿದ್ಯಾವಂತರ ಮನ್ನಣೆ ಹೆಚ್ಚು ದೊರೆಯಿತು ಎಂಬುದು ನಿಜ. ಆದರೂ ಬಣ್ಣ ಹಚ್ಚಿ ಬದುಕುವುದು ಒಂದು ಕಸುಬು ಎಂದು ನಮ್ಮ ಜನ ಒಪ್ಪಿಕೊಂಡು ಬಹಳ ಕಾಲವಾಯಿತು. ಚೆಂಡನ್ನು ಎಸೆದು ಬದುಕುವುದೂ ಒಂದು ಕಸುಬು ಎಂಬುದನ್ನು ಒಪ್ಪಿಕೊಂಡಿದ್ದೇವೆಯೆ? ಕ್ರಿಕೆಟ್ಟಿನ ಮಾತು ಬೇರೆ. ಅಲ್ಲಿ ಹರಿಯುವ ಹಣವೇ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿಬಿಡುತ್ತದೆ. ನಾನಿಂದು ಹೇಳಹೊರಟಿರುವುದು ಹ್ಯಾಂಡ್‌ಬಾಲ್ ಎಂಬ ಆಟದ ವಿಷಯ, ಅದನ್ನೇ ಕಸುಬು ಮಾಡಿಕೊಂಡ ಒಬ್ಬನ ವಿಷಯ.

ಹ್ಯಾಂಡ್‌ಬಾಲ್ ಎಂದರೆ ನಮ್ಮ ಹೆಣ್ಣುಮಕ್ಕಳ ಶಾಲೆಗಳಲ್ಲಿ ಆಡುವ ಥ್ರೋಬಾಲ್ ಅಲ್ಲ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಕಣ. ಎರಡು ತುದಿಗಳಲ್ಲಿ ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಗೋಲುಗಳು. ಒಂದೊಂದು ಪಕ್ಷಕ್ಕೆ ಏಳು ಮಂದಿ. ಚೆಂಡನ್ನು ಕೈಯಲ್ಲಿ ಹಿಡಿದು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಗೋಲಿನ ಮುಂದೆ ಆರು ಮೀಟರಿನ ಒಂದು ಗೆರೆಯಿದೆ. ಅದರೊಳಗೆ ಗೋಲಿಯ ಹೊರತು ಯಾರೂ ಕಾಲಿಡುವಂತಿಲ್ಲ. ಆದರೆ ನೆಲವನ್ನು ಮುಟ್ಟಬಾರದೇ ವಿನಾ ಆಕಾಶವನ್ನು ಬಳಸಬಾರದೆಂದಿಲ್ಲ. ಆದ್ದರಿಂದ ಆಟಗಾರನು ಗೆರೆಯ ಹೊರಗಿನಿಂದ ನೆಗೆದು, ಗಾಳಿಯಲ್ಲಿರುವಾಗಲೇ ಚೆಂಡನ್ನು ಎಸೆದು, ಆಮೇಲೆ ಎಲ್ಲಿ ಬೀಳುತ್ತಾನೋ ಅಲ್ಲಿ ಬೀಳುತ್ತಾನೆ. ಈ ಬೀಳುವುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ನಮ್ಮ ಕೋಲಾರದ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಬೆರೆಸಿ ಆಡುವ ಹುಡುಗರ ಚಡುಗುಡು ಆಟದಲ್ಲಿಯೂ ಒಂದು ಪಕ್ಷಕ್ಕೆ ಏಳೇ ಮಂದಿ. ಅಲ್ಲಿಯೂ ಗೆರೆಯೇ ಸರ್ವಸ್ವ. ಆದರೆ ಅಲ್ಲಿ ಬಿದ್ದರೆ ಮಣ್ಣು.

ಈ ಆಟ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. ಹೋಲ್ಗರ್ ನೀಲ್ಸನ್ ಎಂಬ ಶಾಲಾ ಉಪಾಧ್ಯಾಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ಆಡಿಸಿ, 1906ರಲ್ಲಿ ಅದರ ನಿಯಮಗಳನ್ನು ಅಚ್ಚು ಹಾಕಿಸಿದರು. ಜರ್ಮನರು ಅದನ್ನು ಬಯಲಿಗೆ ತಂದು, ಪಕ್ಷಕ್ಕೆ ಹನ್ನೊಂದು ಮಂದಿಯಂತೆ ಆಡಿದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಧ್ಯಾನ್‌ಚಂದರ ನಾಯಕತ್ವದ ನಮ್ಮ ಹಾಕಿ ತಂಡ ಜರ್ಮನಿಯನ್ನು 8-1ರಿಂದ ಸೋಲಿಸಿದ್ದು ನಮಗೆಲ್ಲ ನೆನಪಿದೆ. ಅದೇ ಕ್ರೀಡಾಕೂಟದಲ್ಲಿ ಜರ್ಮನರು ಆಸ್ಟ್ರಿಯದವರನ್ನು 10-6ರಿಂದ ಸೋಲಿಸಿ ಹ್ಯಾಂಡ್‌ಬಾಲಿನ ಚಿನ್ನ ಗೆದ್ದರೆಂಬುದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಮುಂದೆ ಒಳಾಂಗಣದ ಏಳು ಮಂದಿಯ ಆಟವೇ ಗೆದ್ದಿತು. 1972ರ ಮ್ಯೂನಿಕ್ ಒಲಿಂಪಿಕ್ಸಿನಿಂದ ಅದು ಇಂದಿನ ರೂಪದಲ್ಲಿ ನಡೆದುಬಂದಿದೆ. ಭಾರತದಲ್ಲಿ ಇದಕ್ಕೊಂದು ಫೆಡರೇಷನ್ ಸ್ಥಾಪನೆಯಾದದ್ದೂ 1972ರಲ್ಲಿಯೇ. 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದಲ್ಲಿ ಆಟವನ್ನು ಸೇರಿಸಲಾಯಿತು. ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವ ಲೀಗು ನಡೆಯಲು ಮಾತ್ರ 2023ರ ಜೂನ್ ತಿಂಗಳವರೆಗೆ ಕಾಯಬೇಕಾಯಿತು. ಜೈಪುರದಲ್ಲಿ ನಡೆದ ಆ ಲೀಗಿನಲ್ಲಿ ಆರು ತಂಡಗಳಿದ್ದವು. ಕರ್ನಾಟಕದ್ದು ಒಂದೂ ಇರಲಿಲ್ಲ. ತೆಲುಗರ ಹೆಸರಿನ ತಂಡವೊಂದಿತ್ತು. ಮನೆಯಲ್ಲಿ ತೆಲುಗು ಮಾತಾಡುವ ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಬೇಕಾದರೆ ಅಷ್ಟರಿಂದ ಸಮಾಧಾನ ಪಟ್ಟುಕೊಳ್ಳಬಹುದು.

ಇನ್ನು 'ವೃತ್ತಿ' ಎಂಬ ಮಾತಿಗೆ ಬರೋಣ. ಕನ್ನಡದ ಮೇಷ್ಟರಾದವನಿಗೆ ಮಾತಿನ ಬೇರನ್ನು ಕೆದಕದೆ ಮುಂದೆ ಹೋಗುವುದು ಕಷ್ಟ. ಇಂದು ನಾವು ವೃತ್ತಿ ಎಂದರೆ ಉದ್ಯೋಗ ಎನ್ನುತ್ತೇವೆ. ನಮ್ಮ ಶಾಸನಗಳಲ್ಲಿ ವೃತ್ತಿ ಎಂದರೆ ಒಬ್ಬನ ಜೀವನಕ್ಕೆಂದು ಬಿಟ್ಟುಕೊಟ್ಟ ಭೂಮಿಯ ಪಾಲು. ವೇದ ಹೇಳುವವನಿಗೆ, ದೇವಾಲಯದಲ್ಲಿ ಮದ್ದಳೆ ಬಾರಿಸುವವನಿಗೆ, ಕುಣಿಯುವವಳಿಗೆ ಹೀಗೆ ಭೂಮಿ ಸಲ್ಲುತ್ತಿತ್ತು. ಕೆಲಸಕ್ಕೂ ಅನ್ನಕ್ಕೂ ನಡುವಣ ಒಪ್ಪಂದವೇ ವೃತ್ತಿ. ಆ ಒಪ್ಪಂದ ಕೆಲಸ ಮಾಡುವವನ ದೇಹ ಮುರಿದ ದಿನಕ್ಕೆ ಮುಗಿಯುತ್ತಿತ್ತೆ? ಅದಕ್ಕೂ ಶಾಸನಗಳೇ ಉತ್ತರ ಹೇಳುತ್ತವೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ಹತ್ತನೆಯ ಸಂಪುಟ ನಮ್ಮ ಕೋಲಾರ ಜಿಲ್ಲೆಯದು. ಗಂಗರು ಕುವಲಾಲಪುರವೆಂದು ಕರೆದು ಮೊದಲ ರಾಜಧಾನಿ ಮಾಡಿಕೊಂಡಿದ್ದ ಈ ನೆಲದಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ದನ ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಸತ್ತವನು, ಹುಲಿಯೊಡನೆ ಹೋರಾಡಿ ಸತ್ತವನು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನಮ್ಮ ಹಿರಿಯರು ಎಂಥೆಂಥ ಹೆಸರಿಟ್ಟರು ನೋಡಿ: ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವುದು. ನೆತ್ತರುಗೊಡಗೆ ಎಂದರೆ ನೆತ್ತರಿಗೆ ಕೊಟ್ಟ ಕೊಡುಗೆ. ಇಂದಿನ ಕಾನೂನಿನ ಭಾಷೆಯಲ್ಲಿ 'ಪರಿಹಾರ' ಎನ್ನುತ್ತೇವಲ್ಲ, ಆ ಮಾತು ಇವುಗಳ ಮುಂದೆ ಎಷ್ಟು ಬಿಳಿಚಿಕೊಂಡಿದೆ! ಬೇಗೂರಿನ ಪ್ರಸಿದ್ಧ ವೀರಗಲ್ಲಿನಲ್ಲಿ ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ನಾಗತ್ತರನು ಯುದ್ಧದಲ್ಲಿ ಸತ್ತ ಮೇಲೆ ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ವಿಷಯ ಊರುಗಳ ಪಟ್ಟಿಯೊಡನೆ ಕೊರೆದಿದೆ. ಯುದ್ಧದ ಮಾತು ಬಿಡಿ, ಆಟದ ಮಾತೇ ಬೇಕೆಂದರೆ 949-50ರ ಆತಕೂರು ಶಾಸನವಿದೆ: ಬೇಟೆಯಾಟದಲ್ಲಿ ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ, ಆ ಕಲ್ಲನ್ನು ಪೂಜಿಸುವುದಕ್ಕೂ ಭೂಮಿ ಬಿಟ್ಟಿದ್ದಾರೆ.

ದೇಹಬಲವನ್ನೇ ವಿದ್ಯೆ ಮಾಡಿಕೊಂಡವನನ್ನು ಸಾಕುವುದು ಅರಸನ ಧರ್ಮ ಎಂಬ ಭಾವನೆ ನಮ್ಮಲ್ಲಿತ್ತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರಿಗೆ ಏನು ತಿನ್ನಿಸಬೇಕು, ಭಾರವೆತ್ತಿಸುವುದು ಹೇಗೆ, ಈಜಿಸುವುದು ಹೇಗೆ, ಕಂಬದ ಮೇಲೆ ಸಾಧನೆ ಮಾಡಿಸುವುದು ಹೇಗೆ ಎಂದೆಲ್ಲ ಅರಸ ಹೇಳುತ್ತಾನೆ. ಇಂದಿನ ಕೋಚ್ ಆತನಿಂದ ಕಲಿಯುವುದು ಸ್ವಲ್ಪವಾದರೂ ಉಂಟು. ಮೈಸೂರು ಅರಸರ ಕಾಲದ ಜಟ್ಟಿಗಳು ಈ ಪರಂಪರೆಯ ಕೊನೆಯ ಕೊಂಡಿ. ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ನೆತ್ತರಿನ ಹನಿ ನೆಲಕ್ಕೆ ಬೀಳುವುದನ್ನು ಇಂದಿಗೂ ನೋಡಬಹುದು.

ಆಡಿ ಹಣ ಪಡೆಯುವುದು ಕೀಳು ಎಂಬ ಭಾವನೆ ನಮಗೆ ಇಂಗ್ಲಿಷರಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರು, ಕೂಲಿಕಾರನು ತಮ್ಮನ್ನು ಆಟದಲ್ಲಿ ಸೋಲಿಸುವುದನ್ನು ಸಹಿಸಲಾರದೆ ಹವ್ಯಾಸವೆಂಬ ಬೇಲಿಯನ್ನು ಕಟ್ಟಿದರು ಎಂದರೆ ಅತಿಯಾಗಲಾರದು. ಒಲಿಂಪಿಕ್ಸ್ ಆ ಬೇಲಿಯನ್ನೇ ಧರ್ಮಶಾಸ್ತ್ರ ಮಾಡಿಕೊಂಡಿತು. 1912ರಲ್ಲಿ ಎರಡು ಚಿನ್ನ ಗೆದ್ದ ಅಮೆರಿಕದ ಆದಿವಾಸಿ ಜಿಮ್ ಥಾರ್ಪ್, ಹಿಂದೊಮ್ಮೆ ಬೇಸ್‌ಬಾಲ್ ಆಡಿ ಪುಡಿಗಾಸು ಪಡೆದಿದ್ದನೆಂಬ ಕಾರಣಕ್ಕೆ ಮರುವರ್ಷವೇ ಅವನ ಪದಕಗಳನ್ನು ಕಿತ್ತುಕೊಂಡರು. ಅವನು ಸತ್ತದ್ದು 1953ರಲ್ಲಿ; ಗೆಲುವನ್ನು ಪೂರ್ತಿಯಾಗಿ ಅವನ ಹೆಸರಿಗೆ ಮರಳಿಸಿದ್ದು 2022ರಲ್ಲಿ.

ನಮ್ಮ ದೇಶ ಈ ಬೇಲಿಗೆ ಒಂದು ಹಿತ್ತಲ ಬಾಗಿಲನ್ನು ಕಂಡುಕೊಂಡಿತು. ಆಟಕ್ಕೆ ಸಂಬಳವಿಲ್ಲ, ಆದರೆ ಆಟಗಾರನಿಗೆ ನೌಕರಿ ಉಂಟು. ರೈಲ್ವೆ, ಪೊಲೀಸ್, ಸೈನ್ಯ, ಬ್ಯಾಂಕು, ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ.ಯಂಥ ಕಾರ್ಖಾನೆಗಳು, ಇವೇ ನಮ್ಮ ಕಾಲದ ಅರಮನೆಗಳಾದವು. ಹಾಜರಿ ಪುಸ್ತಕದಲ್ಲಿ ಗುಮಾಸ್ತೆ. ಮೈದಾನದಲ್ಲಿ ಸೆಂಟರ್ ಫಾರ್ವರ್ಡ್. ಇದನ್ನು ಕಪಟವೆಂದು ಹಳಿಯುವವರುಂಟು. ನನಗೆ ಹಾಗೆನಿಸುವುದಿಲ್ಲ. ಮೂವತ್ತೈದಕ್ಕೆ ಕಾಲು ಸೋತರೂ ಅರುವತ್ತರ ಸಮೀಪದವರೆಗೆ ಸಂಬಳ, ಆಮೇಲೆ ಪಿಂಚಣಿ ಅಥವಾ ಭವಿಷ್ಯನಿಧಿ. ಬಡವರ ಮನೆಯ ಹುಡುಗನಿಗೆ ಇದಕ್ಕಿಂತ ಗಟ್ಟಿಯಾದ ವೃತ್ತಿಯನ್ನು ಯಾವ ಲೀಗು ಕೊಟ್ಟೀತು?

ನಮ್ಮ ಕೋಲಾರದಲ್ಲಿ ಹ್ಯಾಂಡ್‌ಬಾಲಿನಿಂದ ಬದುಕಿದವರ ಕಥೆಯನ್ನು ಹೇಳಲು ನನ್ನಲ್ಲಿಲ್ಲ. ಆಟದಿಂದ ಬದುಕಿನ ದಾರಿ ಕಂಡವರ ಕಥೆಯುಂಟು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದು ಚಿನ್ನದ ಗಣಿಗಳನ್ನು ತೋಡತೊಡಗಿದ ಮೇಲೆ, ಬೂದಿಕೋಟೆ, ಬೇತಮಂಗಲಗಳ ನಡುವಣ ಬೋಳುಗುಡ್ಡದ ಬಯಲಿನಲ್ಲಿ ಒಂದು ಪುಟ್ಟ ಇಂಗ್ಲೆಂಡು ಎದ್ದಿತು. ದೊರೆಗಳಿಗೆ ಕ್ಲಬ್ಬು, ಗಾಲ್ಫ್ ಮೈದಾನ. ಕೂಲಿಲೈನುಗಳ ಹುಡುಗರಿಗೆ ಫುಟ್‌ಬಾಲ್, ಹಾಕಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆ ಸಿಡಿಯುವುದುಂಟು, ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂರುವುದುಂಟು. ದೇಹವನ್ನು ದಿನಗೂಲಿಗೆ ಒತ್ತೆಯಿಟ್ಟ ಊರು ಅದು. ಅಂಥ ಊರಿನಲ್ಲಿ ಸಂಜೆಯ ಆಟಕ್ಕೆ ಇರುವ ಅರ್ಥವೇ ಬೇರೆ ಎಂದು ನನಗೆ ತೋರುತ್ತದೆ: ಹಗಲೆಲ್ಲ ಕಂಪನಿಯದಾಗಿದ್ದ ಮೈ ಸಂಜೆ ಒಂದು ಗಂಟೆಯ ಮಟ್ಟಿಗೆ ತನ್ನದಾಗುತ್ತದೆ.

ಈ ಕೋಲಾರದಲ್ಲಿ 1940ರ ಏಪ್ರಿಲಿನಲ್ಲಿ ಹುಟ್ಟಿದವರು ಕೆನೆತ್ ಲಾರೆನ್ಸ್ ಪೊವೆಲ್. ಬೆಂಗಳೂರಿಗೆ ಬಂದು ಐ.ಟಿ.ಐ.ಯಲ್ಲಿ ನೌಕರಿ ಹಿಡಿದು, ದೇಶದ ಅತಿ ವೇಗದ ಓಟಗಾರರಲ್ಲಿ ಒಬ್ಬರೆನಿಸಿದರು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಆಂಟನಿ ಕುಟಿನೊ, ಮಖನ್ ಸಿಂಗ್, ರಾಜಶೇಖರನ್ ಅವರೊಡನೆ 4×100 ಮೀಟರ್ ರಿಲೆಯಲ್ಲಿ ಓಡಿ ಭಾರತವನ್ನು ಉಪಾಂತ್ಯದವರೆಗೆ ಕೊಂಡೊಯ್ದರು. 1965ರಲ್ಲಿ ಅರ್ಜುನ ಪ್ರಶಸ್ತಿ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ರಿಲೆ ತಂಡದೊಡನೆ ಕಂಚು. 2022ರ ಡಿಸೆಂಬರ್ 11ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ನೌಕರಿಯ ನೆರಳಿನಲ್ಲಿ ಆಡಿದವರ ಬಾಳಿಗೆ ಇದೊಂದು ಮಾದರಿ. ಓಟ ನಿಂತ ಮೇಲೂ ಬದುಕಿಗೆ ಅರ್ಧ ಶತಮಾನ ಉಳಿದಿತ್ತು. ಅವರ ಸಾವಿನ ಸುದ್ದಿ ಬಂದ ದಿನ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿಗೆ ಅವರು ನಮ್ಮವರೆಂಬುದು ಹೊಳೆದಿತ್ತೋ! ಮಾಸ್ತಿ, ಡಿ.ವಿ.ಜಿ. ಅವರನ್ನು ನಮ್ಮವರೆಂದು ಹೇಳಿಕೊಳ್ಳುವ ನಾವು ಓಟಗಾರನಿಗೆ ಆ ಮನೆಯಲ್ಲಿ ಒಂದು ಮಣೆ ಹಾಕಲಾರೆವೆ?

ಈಗ ಜರ್ಮನಿಗೆ ಹೋಗೋಣ. ಕಲೋನ್ ನಗರದ ಪೂರ್ವಕ್ಕೆ ಗುಡ್ಡಗಳ ನಡುವೆ ಗುಮ್ಮರ್ಸ್‌ಬಾಖ್ ಎಂಬ ಊರಿದೆ. ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಸ್ಟೈನ್‌ಮ್ಯುಲರ್ ಎಂಬ ಮನೆತನದ ದೊಡ್ಡ ಬಾಯ್ಲರ್ ಕಾರ್ಖಾನೆ ಊರಿಗೆ ಅನ್ನ ಕೊಡುತ್ತಿತ್ತು. 1861ರಲ್ಲಿ ಹುಟ್ಟಿದ ವ್ಯಾಯಾಮ ಸಂಘವೊಂದು ಅದಕ್ಕೆ ಹೆಸರು ಕೊಟ್ಟಿತು. ಪಶ್ಚಿಮ ಜರ್ಮನಿಯಲ್ಲಿ ಹ್ಯಾಂಡ್‌ಬಾಲ್ ಲೀಗು 1966ರಲ್ಲಿ ಆರಂಭವಾದಾಗಿನಿಂದ ಈ ಸಣ್ಣ ಊರಿನ ತಂಡ ಮತ್ತೆ ಮತ್ತೆ ಗೆದ್ದಿತು. ದೊಡ್ಡ ಪಂದ್ಯಗಳಿಗೆ ಊರಿನ ಅಂಗಣ ಸಾಲದೆ ಡಾರ್ಟ್‌ಮುಂಡಿನ ದೊಡ್ಡ ಸಭಾಂಗಣಕ್ಕೆ ಹೋಗಬೇಕಾಗುತ್ತಿತ್ತು. 1973ರಲ್ಲಿ ಈ ತಂಡಕ್ಕೆ ಬಂದವನು ಯೋಆಖಿಮ್ ಡೆಕ್ಕಾರ್ಮ್. ಜನನ 1954ರ ಜನವರಿ 19, ಫ್ರಾನ್ಸಿನ ಗಡಿಯ ಸಾರ್‌ಬ್ರುಕೆನ್ ನಗರದಲ್ಲಿ. ಕೋಲಾರದಂತೆ ಅದೂ ಗಣಿಯ ಸೀಮೆ, ಗಡಿಯ ಸೀಮೆ, ಅಲ್ಲಿಯದು ಕಲ್ಲಿದ್ದಲು.

ಎತ್ತರದ, ಹಗುರಾಗಿ ನೆಗೆಯಬಲ್ಲ ಈ ಹುಡುಗನೊಡನೆ ಗುಮ್ಮರ್ಸ್‌ಬಾಖ್ 1974, 1975, 1976 ಮೂರು ವರ್ಷವೂ ಸತತವಾಗಿ ದೇಶದ ಪ್ರಶಸ್ತಿ ಗೆದ್ದಿತು. 1974ರಲ್ಲಿ ಯೂರೋಪಿನ ಕಪ್ಪನ್ನೂ ಪಡೆಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಪಶ್ಚಿಮ ಜರ್ಮನಿ ನಾಲ್ಕನೆಯ ಸ್ಥಾನಕ್ಕೆ ನಿಂತಿತು. 1978ರ ಫೆಬ್ರವರಿ 5ರಂದು, ಕೋಪನ್‌ಹೇಗನ್ ನಗರದಲ್ಲಿ, ವ್ಲಾಡೊ ಸ್ಟೆನ್‌ಝೆಲ್ ಎಂಬ ಕೋಚ್ ಕಟ್ಟಿದ ಎಳೆಯರ ತಂಡ ಸೋವಿಯತ್ ಒಕ್ಕೂಟವನ್ನು 20-19ರಿಂದ ಸೋಲಿಸಿ ವಿಶ್ವವಿಜೇತವಾಯಿತು. ದೇಶದ ಪರವಾಗಿ 104 ಪಂದ್ಯಗಳು, 381 ಗೋಲುಗಳು. ಇಷ್ಟು ಮುಗಿಸಿದಾಗ ಡೆಕ್ಕಾರ್ಮನಿಗೆ ಇನ್ನೂ ಇಪ್ಪತ್ತೈದು. ಒಲಿಂಪಿಕ್ಸಿನ ನಿಯಮದ ಕಣ್ಣಿಗೆ ಅವನು ಹವ್ಯಾಸಿ. ಊರೂರು ಸುತ್ತಿ, ವಾರವಾರವೂ ಸಾವಿರಾರು ಜನ ಟಿಕೆಟ್ ಕೊಂಡು ನೋಡುವ ಆಟವನ್ನು ಆಡುತ್ತಿದ್ದವನನ್ನು ಹವ್ಯಾಸಿ ಎನ್ನಬೇಕಾದರೆ ನಮ್ಮ ಗುಬ್ಬಿ ಕಂಪನಿಯನ್ನೂ ಹಾಗೆಯೇ ಕರೆಯಬೇಕಾದೀತು.

1979ರ ಮಾರ್ಚ್ 30. ಹಂಗೆರಿಯ ಟಾಟಬಾನ್ಯ ಎಂಬ ಊರು. ಅದೂ ಕಲ್ಲಿದ್ದಲ ಗಣಿಯ ಊರೇ. ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಯ ಉಪಾಂತ್ಯ. ಆಟದ ಇಪ್ಪತ್ಮೂರನೆಯ ನಿಮಿಷ. ಡೆಕ್ಕಾರ್ಮ್ ಚೆಂಡಿಗಾಗಿ ಮುನ್ನುಗ್ಗಿದ; ಎದುರಿನಿಂದ ಬಂದ ಹಂಗೆರಿಯ ಲಾಯೋಷ್ ಪಾನೋವಿಚ್ ಎಂಬ ಆಟಗಾರನಿಗೆ ಡಿಕ್ಕಿಯಾಯಿತು. ಅದು ದ್ವೇಷದ ಏಟಲ್ಲ, ಒರಟಾಟವೂ ಅಲ್ಲ. ಪ್ರಜ್ಞೆ ತಪ್ಪಿದ ಡೆಕ್ಕಾರ್ಮ್ ಕೈಯೂರಿಕೊಳ್ಳಲಾರದೆ ಬಿದ್ದ. ತಲೆ ನೆಲಕ್ಕೆ ಬಡಿಯಿತು. ಆ ಅಂಗಣದ ನೆಲ ಸಿಮೆಂಟಿನದು. ಮೇಲೊಂದು ತೆಳುವಾದ ಪ್ಲಾಸ್ಟಿಕ್ಕಿನ ಹೊದಿಕೆ, ಅಷ್ಟೆ. ತಲೆಬುರುಡೆ ಒಡೆಯಿತು, ಮಿದುಳಿಗೆ ಏಟಾಯಿತು. 131 ದಿನ ಅವನಿಗೆ ಎಚ್ಚರವಿರಲಿಲ್ಲ. ಆ ವರ್ಷದ ಕಪ್ಪನ್ನು ಗುಮ್ಮರ್ಸ್‌ಬಾಖ್ ಗೆದ್ದಿತು. ಅದು ಅವನಿಗೆ ಗೊತ್ತಾಗುವ ಸ್ಥಿತಿಯಿರಲಿಲ್ಲ.

ಈ ಭಾಗವನ್ನು ಬರೆಯುವಾಗ ನನ್ನ ಮನಸ್ಸು ಆ ಹಂಗೆರಿಯವನ ಕಡೆಗೂ ಹೋಯಿತು. ನಮ್ಮ ವೀರಗಲ್ಲುಗಳಲ್ಲಿ ಕೊಂದವನ ಹೆಸರು ಇರುವುದು ಅಪರೂಪ; ಇದ್ದರೂ ಶತ್ರುವೆಂದೇ ಇರುತ್ತದೆ. ಇಲ್ಲಿ ಶತ್ರು ಇಲ್ಲ. ಇಬ್ಬರೂ ತಮ್ಮ ಕೆಲಸವನ್ನು ಮಾಡುತ್ತಿದ್ದರು. ಒಂದೇ ಚೆಂಡಿನ ಕಡೆಗೆ ಓಡುತ್ತಿದ್ದರು. ತಪ್ಪೆನ್ನುವುದಿದ್ದರೆ ಅಂಥ ನೆಲದ ಮೇಲೆ ಅಂಥ ಆಟವನ್ನು ಆಡಿಸಲು ಒಪ್ಪಿದವರದು ಎಂದು ನಾನು ಭಾವಿಸುತ್ತೇನೆ. ಗಣಿಯೊಳಗೆ ಮರದ ಆಸರೆ ನಿಲ್ಲಿಸದೆ ಕೂಲಿಯವನನ್ನು ಇಳಿಸಿದರೆ ಬಂಡೆಯನ್ನು ಬೈದು ಪ್ರಯೋಜನವೇನು? ಆರು ಮೀಟರಿನ ಗೆರೆಯಾಚೆ ನೆಗೆದು ಬೀಳುವುದು ಈ ಆಟದ ಸ್ವಭಾವವೇ ಆಗಿರುವಾಗ, ಬೀಳುವವನಿಗೆ ನೆಲ ಎಂಥದಿರಬೇಕೆಂಬುದು ಆಟದ ನಿಯಮಗಳಲ್ಲಿ ಮೊದಲನೆಯದಾಗಬೇಕಿತ್ತು.

ಎಚ್ಚರವಾದಾಗ ಅವನು ಮಾತನ್ನೂ ನಡಿಗೆಯನ್ನೂ ಕಳೆದುಕೊಂಡಿದ್ದ. ವೈದ್ಯರು ಆಸೆ ಕೊಡಲಿಲ್ಲ. ಜರ್ಮನಿಯ ಕ್ರೀಡಾ ನೆರವಿನ ಸಂಸ್ಥೆ ಅವನ ಹೆಸರಿನಲ್ಲಿ ಒಂದು ನಿಧಿಯನ್ನು ಸ್ಥಾಪಿಸಿತು. ನೆತ್ತರುಗೊಡಗೆ ಎಂಬ ಮಾತು ಜರ್ಮನ್ ಭಾಷೆಯಲ್ಲಿ ಉಂಟೋ ಇಲ್ಲವೋ, ಆ ನಿಧಿಯ ಸ್ವರೂಪ ಅದೇ. ವಾಸ್ತವವಾಗಿ ಗಮನಿಸಬೇಕಾದದ್ದು, ಅದು ಒಪ್ಪಂದದ ಹಣವಾಗಿರಲಿಲ್ಲ. ಜನ ಕೂಡಿಸಿದ ಹಣ. ಹವ್ಯಾಸಿ ಎಂಬ ಹಣೆಪಟ್ಟಿ ಹೊತ್ತವನಿಗೆ ಕೇಳಿ ಪಡೆಯುವ ಹಕ್ಕು ಎಷ್ಟಿದ್ದೀತು! ಅವನು ವಿಶ್ವಕಪ್ ಗೆದ್ದವನಾದ್ದರಿಂದ ದೇಶ ನೆನೆಯಿತು. ಯಾವುದೋ ಜಿಲ್ಲಾ ಪಂದ್ಯದಲ್ಲಿ ಮಂಡಿ ಮುರಿದುಕೊಂಡ ಹುಡುಗನಿಗೆ ಯಾರ ನಿಧಿ? ನಮ್ಮಲ್ಲಿಯೂ ಕೆಲವು ಲೀಗುಗಳು ತಲೆಯೆತ್ತುತ್ತಿರುವ ಈ ದಿನಗಳಲ್ಲಿ, ಹಳ್ಳಿಯ ಹುಡುಗನೊಬ್ಬ ತನಗೆ ಸಿಕ್ಕಬಹುದಾಗಿದ್ದ ರೈಲ್ವೆ ನೌಕರಿಯನ್ನು ಬಿಟ್ಟು ಒಂದು ತಿಂಗಳ ಕರಾರಿಗೆ ರುಜು ಹಾಕುವಾಗ, ಅವನ ತಂದೆ ಮೊದಲು ಕೇಳಬೇಕಾದ ಪ್ರಶ್ನೆ ಸಂಬಳದ್ದಲ್ಲ, ಇದು.

ಡೆಕ್ಕಾರ್ಮನ ಚರಿತ್ರೆಯಲ್ಲಿ ನನಗೆ ವಿಶ್ವಕಪ್ಪಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಬ್ಬನ ಹೆಸರು: ವೆರ್ನರ್ ಹ್ಯುರ್ಟರ್. ಸಾರ್‌ಬ್ರುಕೆನ್ನಿನಲ್ಲಿ ಹುಡುಗ ಡೆಕ್ಕಾರ್ಮನಿಗೆ ಆಟ ಕಲಿಸಿದ ಹಳೆಯ ಕೋಚ್ ಇವನು. 1982ರಲ್ಲಿ, ಅಪಘಾತವಾಗಿ ಮೂರು ವರ್ಷ ಕಳೆದ ಮೇಲೆ, ತನ್ನ ಶಿಷ್ಯನನ್ನು ಮತ್ತೆ ಸಾಧನೆಗೆ ಹಚ್ಚಿದ. ಈ ಸಲ ಗೋಲು ಹಾಕುವುದಕ್ಕಲ್ಲ. ನಿಲ್ಲುವುದಕ್ಕೆ, ಹೆಜ್ಜೆಯಿಡುವುದಕ್ಕೆ, ಮಾತು ಹೊರಡಿಸುವುದಕ್ಕೆ. ಮಗುವಿಗೆ ಅಕ್ಷರ ತಿದ್ದಿಸುವಂತೆ, ಮರಳಿನ ಮೇಲೆ ಬರೆದು ಅಳಿಸಿ ಮತ್ತೆ ಬರೆಯಿಸುವಂತೆ ಆ ಅಭ್ಯಾಸ ವರ್ಷಗಟ್ಟಲೆ ನಡೆಯಿತು. ನಾನು ಹಲವು ವರ್ಷ ಪಾಠ ಹೇಳಿದವನು. ಪಾಸಾಗಿ ಹೋದ ವಿದ್ಯಾರ್ಥಿಗಳ ಹೆಸರು ಹೇಳಿಕೊಂಡು ಬೀಗುವುದು ನಮ್ಮ ಜಾತಿಯ ಚಪಲ. ಬಿದ್ದವನ ಮನೆಗೆ ಹೋಗಿ ಮೊದಲಿನಿಂದ ಶುರುಮಾಡುವ ಗುರು ನಮ್ಮಲ್ಲಿ ವಿರಳ. ಡೆಕ್ಕಾರ್ಮ್ ಮಾತಾಡಿದ, ಆಸರೆಯೊಡನೆ ನಡೆದ, ನಕ್ಕ. ಪೂರ್ತಿ ಗುಣವಾಗಲಿಲ್ಲ. ಜರ್ಮನರು ಅವನನ್ನು ತಮ್ಮ ಶತಮಾನದ ಶ್ರೇಷ್ಠ ಹ್ಯಾಂಡ್‌ಬಾಲ್ ಆಟಗಾರನೆಂದು ಆರಿಸಿದರು. 2013ರಲ್ಲಿ ದೇಶದ ಕ್ರೀಡಾ ಗಣ್ಯರ ಸಾಲಿಗೆ ಸೇರಿಸಿದರು.

ಗುಮ್ಮರ್ಸ್‌ಬಾಖಿನ ಬಾಯ್ಲರ್ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮುಚ್ಚಿಹೋಯಿತು. ನಮ್ಮ ಚಿನ್ನದ ಗಣಿ ಮುಚ್ಚಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ, 2001ರ ಫೆಬ್ರವರಿ 28ರಂದು. ಇಲ್ಲಿ ಉಳಿದದ್ದು ಸಯನೈಡ್ ದಿಬ್ಬಗಳು. ಗಾಳಿ ಬೀಸಿದಾಗ ಅವುಗಳ ದೂಳು ಹಳೆಯ ಮೈದಾನಗಳ ಮೇಲೂ ಬರುತ್ತದೆ. ಅಲ್ಲಿ, ಕಾರ್ಖಾನೆಯಿದ್ದ ಜಾಗದಲ್ಲಿಯೇ, 2013ರಲ್ಲಿ ಊರಿನವರು ಹ್ಯಾಂಡ್‌ಬಾಲಿಗೆಂದು ಹೊಸ ಒಳಾಂಗಣವನ್ನು ತೆರೆದರು. 2018ರಲ್ಲಿ ಡೆಕ್ಕಾರ್ಮ್ ತನ್ನ ಹುಟ್ಟೂರಿನ ಸೀಮೆಯನ್ನು ಬಿಟ್ಟು ಗುಮ್ಮರ್ಸ್‌ಬಾಖಿನ ಒಂದು ಆರೈಕೆಯ ಮನೆಗೆ ಬಂದು ನೆಲೆಸಿದ.